ಮದ್ದಿನ ಕೋಣೆ ಪಕ್ಕದ ಮಕ್ಕಳು

"ಮುಟ್ಬೇಡ ಅಂದ್ನಲ್ಲ! ಕಿವಿ ಕೇಳಲ್ವಾ? ಕಿತ್ಕಳೇ ಅದನ್ನ, ಆ ಪೀಡೆ ಕೈಯಿಂದ!"

ತೋಟದ ಯಜಮಾನಿ ಗಂಗಾಲಕ್ಷ್ಮಿ ಅಮ್ಮ ಕೂಗಿದ ರಭಸಕ್ಕೆ ಎರಡು ವರ್ಷದ ಚೇತನಾ ಹೆದರಿ, ಕೈಯಲ್ಲಿದ್ದ ಪ್ಲಾಸ್ಟಿಕ್ ಆನೆಯನ್ನು ಇನ್ನೂ ಬಿಗಿಯಾಗಿ ಎದೆಗೊತ್ತಿಕೊಂಡಿತು. ಪುಟ್ಟಕ್ಕ ಕುಂಟುತ್ತ ಹೋಗಿ ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಆನೆಯನ್ನು ತೆಗೆದುಕೊಂಡಳು. ಹಿಂದಕ್ಕೆ ಕೊಡಲು ಕೈ ಚಾಚಿದರೆ ಅಮ್ಮ ಹೊಸ್ತಿಲಾಚೆ ಎರಡು ಹೆಜ್ಜೆ ಹಿಂದೆ ಸರಿದರು.

"ನನ್ನ ಕೈಗೆ ಎಂತಕೆ ಕೊಡ್ತಿ? ಕೃಷ್ಣಪ್ಪನ ಹತ್ರ ಕೊಡು. ಕೃಷ್ಣಪ್ಪ, ಅದನ್ನ ನಲ್ಲಿ ಕೆಳಗೆ ಹಿಡ್ದು ಮೇಲೆ ಇಡು. ಈ ಮಕ್ಕಳಿಗೆ ಎಟುಕದ ಹಾಗೆ ಇಡು ಮಾರಾಯ. ಸಂಜೆ ಎಲ್ಲ ವಾಪಸ್ ಮನೆಗೆ ಬರ್ಬೇಕು, ಮೊಮ್ಮಗಳದ್ದು. ಇವು ಜೊಲ್ಲು ಸುರ್ಸಿದ್ದನ್ನ ನಾಳೆ ಅವಳು ಬಾಯಿಗೆ ಹಾಕ್ಬೇಕಾ?"

ತೋಟದ ಹಾಜರಿ, ಲೆಕ್ಕ ಬರೆಯುವ ರೈಟರು ಕೃಷ್ಣಪ್ಪ ಆನೆಯನ್ನು ತೊಳೆದು, ಗೋಡೆಗೆ ಹೊಸದಾಗಿ ಹೊಡೆದ ಹಲಗೆಯ ಮೇಲೆ ಕಾರು, ಗೊಂಬೆ, ಬಣ್ಣದ ಚೆಂಡುಗಳ ಸಾಲಿಗೆ ಸೇರಿಸಿದ. ಹನ್ನೊಂದು ಮಕ್ಕಳು ಕತ್ತೆತ್ತಿ ಹಲಗೆಯನ್ನೇ ನೋಡುತ್ತ ಕುಳಿತವು. ಹೊರಗೆ ಬಾಗಿಲ ಮೇಲೆ 'ಚಿಣ್ಣರ ಮನೆ' ಎಂದು ಬೋರ್ಡು ನೇತಾಡುತ್ತಿತ್ತು. ಅದರ ಬಣ್ಣ ಇನ್ನೂ ಒಣಗಿರಲಿಲ್ಲ.

ಜಯಪುರದಿಂದ ನಾಲ್ಕು ಮೈಲಿ ಮೇಲಿರುವ ದತ್ತಮೂರ್ತಿಗಳ ಕಾಫಿ ತೋಟದಲ್ಲಿ ಆಳುಗಳಿಗೆ ಹತ್ತು ಕೋಣೆಯ ಒಂದು ಲೈನು ಇದೆ. ಅದರ ಕೊನೆಯ ಕೋಣೆ ಪುಟ್ಟಕ್ಕನದು. ಮದುವೆಯಾಗಿ ಬಂದದ್ದು, ಎರಡು ಹೆತ್ತು ಎರಡನ್ನೂ ಮಣ್ಣು ಮಾಡಿದ್ದು, ಗಂಡ ಕೆಮ್ಮಿ ಕೆಮ್ಮಿ ಸತ್ತದ್ದು ಎಲ್ಲವೂ ಅದೇ ಕೋಣೆಯಲ್ಲಿ. ಎರಡು ವರ್ಷದ ಕೆಳಗೆ ಸಿಲ್ವರ್ ಮರದಿಂದ ಮೆಣಸು ಕೊಯ್ಯುವಾಗ ಏಣಿ ಜಾರಿ ಬಿದ್ದಳು. ಮುರಿದ ಮಂಡಿ ಸೊಟ್ಟಗೆ ಕೂಡಿಕೊಂಡಿತು. ಅದೇ ವರ್ಷ ಕಾಫಿ ಕೊಳ್ಳುವ ಕಂಪನಿಯವರು ಹೊಸ ಕಾನೂನು ತಂದಿದ್ದರು. ತೋಟದೊಳಗೆ ಒಂದೇ ಒಂದು ಮಗು ಕಂಡರೂ ಆ ತೋಟದ ಬೀಜ ಬೇಡ. ಅಲ್ಲಿಯವರೆಗೆ ಹೆಂಗಸರು ಗಿಡಗಳ ನಡುವೆ ಸೀರೆಯ ಜೋಲಿ ಕಟ್ಟಿ ಮಕ್ಕಳನ್ನು ಮಲಗಿಸಿ ಹಣ್ಣು ಕೊಯ್ಯುತ್ತಿದ್ದರು. ದತ್ತಮೂರ್ತಿಗಳು ಎರಡೂ ತೊಂದರೆಗಳನ್ನು ಒಂದೇ ಮಾತಿನಲ್ಲಿ ಪರಿಹರಿಸಿದರು.

"ಲೈನಲ್ಲಿ ಬಿದ್ಕಂಡಿರ್ಬೇಕು ಅಂದ್ರೆ ಏನಾದ್ರೂ ಮಾಡ್ಬೇಕಲ್ಲ ಪುಟ್ಟಿ. ಕೂತ್ಕಂಡು ಆ ಮಕ್ಕಳನ್ನ ನೋಡ್ಕ. ನಿನ್ನ ಮನೇಲೇ."

ಅರವತ್ತು ದಾಟಿದವಳನ್ನು ಅವರು ಇವತ್ತಿಗೂ ಪುಟ್ಟಿ ಎಂದೇ ಕರೆಯುವುದು.

ಪುಟ್ಟಕ್ಕ ನೋಡಿಕೊಂಡಳು. ಒಲೆಗೆ ಅಡ್ಡ ಹಲಗೆ ಕಟ್ಟಿದಳು. ಕತ್ತಿಯನ್ನು ಮಾಡಿನ ತೊಲೆಗೆ ಸಿಕ್ಕಿಸಿದಳು. ಯಾವ ಮಗು ಮಣ್ಣು ತಿನ್ನುತ್ತದೆ, ಯಾವುದರ ಕಿವಿ ಸೋರುತ್ತದೆ, ಯಾವುದಕ್ಕೆ ಕಾಗೆ ತೋರಿಸದೆ ತುತ್ತು ಇಳಿಯುವುದಿಲ್ಲ ಎಲ್ಲವೂ ಅವಳಿಗೆ ಬಾಯಿಪಾಠ. ದಿನವಿಡೀ ಬಾಗಿಲಲ್ಲಿ ಕುಳಿತು, ಮಡಚಲು ಬಾರದ ಕಾಲನ್ನು ಹೊಸ್ತಿಲಿಗೆ ಅಡ್ಡ ನೀಡಿಬಿಡುತ್ತಿದ್ದಳು. ಅಂಬೆಗಾಲಿನವು ಆ ಕಾಲಿನವರೆಗೆ ಬಂದು, ದಾಟಲಾರದೆ ಅದರ ಮೇಲೆಯೇ ತಲೆಯಿಟ್ಟು ಮಲಗುತ್ತಿದ್ದವು.

ಕೋಣೆಯ ಹಿಂದಿನ ಗೋಡೆ ಮಾಡಿನವರೆಗೆ ಹೋಗಿರಲಿಲ್ಲ. ಅದರಾಚೆ ಮದ್ದಿನ ಕೋಣೆ. ಹುಲ್ಲು ಒಣಗಿಸುವ ಮದ್ದು, ಹುಳಕ್ಕೆ ಹೊಡೆಯುವ ಮದ್ದು, ಪಂಪುಗಳು, ಸೋರುವ ಕ್ಯಾನುಗಳು ಎಲ್ಲ ಅಲ್ಲಿ. ನಡುವೆ ಚಿಲಕ ಮುರಿದ ಒಂದು ಸಣ್ಣ ಬಾಗಿಲು. ಬೆಳಿಗ್ಗೆ ಅಷ್ಟು ಗೊತ್ತಾಗುತ್ತಿರಲಿಲ್ಲ. ಮಧ್ಯಾಹ್ನ ತಗಡಿನ ಮಾಡು ಕಾದಾಗ ಗೋಡೆಯ ಮೇಲಿನಿಂದ ವಾಸನೆ ಇಳಿಯುತ್ತಿತ್ತು. ಮಕ್ಕಳು ಒಂದೊಂದಾಗಿ ಆಡುವುದು ನಿಲ್ಲಿಸಿ ಮಲಗಿಬಿಡುತ್ತಿದ್ದವು. ಎಬ್ಬಿಸಿದರೆ ಏಳುತ್ತಿರಲಿಲ್ಲ.

ಈ ಸಲದ ಕಾಫಿ ಕೊಯ್ಲು ಶುರುವಾದ ವಾರದಲ್ಲೇ, ಲೈನಿನಲ್ಲೇ ಇರುವ ಮಲ್ಲಿಕಾಳ ಮಗಳು ಚೇತನಾ ವಾಂತಿ ಮಾಡಿ ಕಣ್ಣು ಮೇಲೆ ಮಾಡಿತು. ಜೀಪಿನಲ್ಲಿ ಆಸ್ಪತ್ರೆಗೆ ಹಾಕಿಕೊಂಡು ಹೋದರು. "ಮನೆ ಹತ್ರ ವಿಷದ ವಸ್ತು ಏನಾದರೂ ಇದೆಯಾ?" ಎಂದು ಡಾಕ್ಟರು ಕೇಳಿದರೆ, ಮಲ್ಲಿಕಾ ಬಾಯಿ ತೆರೆಯುವ ಮೊದಲೇ ಕೃಷ್ಣಪ್ಪ "ಏನಿಲ್ಲ ಸಾರ್" ಅಂದ. ಮೂರನೆಯ ದಿನ ಮಗು ಮನೆಗೆ ಬಂತು. ನಾಲ್ಕನೆಯ ದಿನ ಮತ್ತೆ ಅದೇ ಕೋಣೆ.

ಅವತ್ತು ಪುಟ್ಟಕ್ಕ ಕಾಫಿ ಒಣಹಾಕಿದ ಕಣದ ಅಂಚಿಗೆ ಹೋಗಿ ನಿಂತಿದ್ದಳು. ದತ್ತಮೂರ್ತಿಗಳು ಆಳುಗಳಿಂದ ಬೀಜ ತಿರುವಿಸುತ್ತಿದ್ದರು.

"ಅಯ್ಯಾ, ಆ ಮದ್ದನ್ನ ಬೇರೆ ಕಡೆ ಇಡ್ಸಿ ಅಯ್ಯಾ. ಮಕ್ಕಳಿಗೆ ತಡಿಯಲ್ಲ."

"ಎಲ್ಲಿಡ್ಸ್ಲಿ? ನಮ್ಮ ದೇವರ ಕೋಣೇಲಿ ಇಡ್ಸ್ಲಾ?"

"ಕಾರಿನ ಶೆಡ್ಡು ಅದಲ್ಲ, ಅಷ್ಟು ದೊಡ್ಡದು..."

"ಅಲ್ಲೇ ಇತ್ತು ಮೊದಲು. ನಮ್ಮನೆಯವಳಿಗೆ ತಲೆನೋವು ಬರ್ತದೆ ಅಂತ ಅಲ್ಲಿಂದ ತೆಗ್ಸಿದ್ದು."

ಹೇಳಿದ ಮೇಲೆ ಅವರಿಗೇ ತಮ್ಮ ಮಾತು ಕೇಳಿಸಿರಬೇಕು. ಮುಖ ಕೆಂಪಾಯಿತು. ಕೈಯಲ್ಲಿದ್ದ ಕಾಫಿ ಬೀಜವನ್ನು ಅವಳ ಕಾಲ ಬುಡಕ್ಕೆ ಎಸೆದರು.

"ಆ ಮಗಿಗೆ ಹೊಟ್ಟೆಹುಳ. ಮಾತ್ರೆ ಕಳ್ಸ್ತೀನಿ, ನುಂಗ್ಸು. ನಿಂಗೆ ಕುಂಡೆ ತೊಳಿಯೋ ಕೆಲ್ಸ ಕೊಟ್ಟಿರೋದು. ಅದನ್ನ ಮಾಡು. ಡಾಕ್ಟ್ರಾಗ್ಬೇಡ."

ಬೀಜ ತಿರುವುತ್ತಿದ್ದ ಇಬ್ಬರು ಗಂಡಸರು ನಕ್ಕರು. ನಗದಿದ್ದರೆ ಆಗುತ್ತಿರಲಿಲ್ಲ.

ಈಗ ಕಂಪನಿಯವರೇ ಮಕ್ಕಳ ಮನೆಯನ್ನು ನೋಡಿ ಅಂಕ ಹಾಕಲು ಬರುತ್ತಾರೆಂದು ಗೊತ್ತಾದ ಮೇಲೆ ಆಟಿಕೆ ಬಂತು, ಬೋರ್ಡು ಬಂತು, ಹಿಂದಿನ ಗೋಡೆಗೆ ಪ್ಲೈವುಡ್ ಬಂತು. ಮಾಡಿನವರೆಗೆ ಹೊಡೆದ ಆ ಹಲಗೆಯ ಮೇಲೆ ಪೇಂಟರು ಮೂರು ಮೊಲ ಬರೆದು ಹೋಗಿದ್ದ. ಸಣ್ಣ ಬಾಗಿಲು ಮೊಲಗಳ ಹಿಂದೆ ಮುಚ್ಚಿಹೋಯಿತು. ಹಲಗೆಯ ಜೋಡಣೆಯಲ್ಲಿ ಬೆರಳು ತೂರುವಷ್ಟು ಸಂದು ಉಳಿದಿತ್ತು. ವಾಸನೆಗೆ ಅಷ್ಟು ಸಾಕು.

ಅಮ್ಮ ಅತ್ತ ಹೋದಮೇಲೆ ಕೃಷ್ಣಪ್ಪ ಪುಟ್ಟಕ್ಕನನ್ನು ಎದುರಿಗೆ ಕೂರಿಸಿಕೊಂಡ.

"ಮಕ್ಕಳೆಷ್ಟು?"

"ಹನ್ನೊಂದು."

"ಥೂ ನಿನ್ನ. ಆರು ಅನ್ನೇ ಮುಂಡೆ. ಹನ್ನೊಂದು ಅಂದ್ರೆ ಇಬ್ರು ಆಯಾ ಕೇಳ್ತಾರೆ. ಓದಿದ್ದೆಷ್ಟು?"

"ಎಂಥ ಓದದು ನಾನು?"

"ನಾಕ್ನೇ ಕ್ಲಾಸು ಅನ್ನು. ಹೊಡಿತೀಯಾ ಅಂದ್ರೆ ಇಲ್ಲ ಅನ್ನು. ಹಿಂದ್ಗಡೆ ಎಂತದೆ ಅಂದ್ರೆ..."

"ಎಂತ ಅನ್ಲಿ?"

"ಗೋಡೆ ಅನ್ನು. ಅದು ಗೋಡೆ ತಾನೆ?"

ಹೆಚ್ಚಿನ ಐದು ಮಕ್ಕಳನ್ನು ಅವನೇ ಎತ್ತಿಕೊಂಡು ಹೋಗಿ ಲೈನಿನ ನಡುವಿನ ಮಲ್ಲಿಕಾಳ ಕೋಣೆಗೆ ಹಾಕಿ, ಹೊರಗಿನಿಂದ ಚಿಲಕ ಎಳೆದ.

ಅಂಕ ಹಾಕಲು ಬಂದವಳು ಶ್ರೀರಂಜನಿ ಎಂಬ ಹುಡುಗಿ. ಅವತ್ತೇ ಬೆಳಿಗ್ಗೆ ಹನ್ನೊಂದು ಗಂಟೆಗೇ ಕಾರು ಬಂತು. ಆದರೆ ಶೃಂಗೇರಿಯ ಕಡೆಯವಳು ಎಂದು ಗೊತ್ತಾಗಿ, ಯಾರ ಮಗಳು, ಯಾರ ಮೊಮ್ಮಗಳು ಎಂದು ಕೆದಕಿ, ಗಂಗಾಲಕ್ಷ್ಮಿ ಅಮ್ಮನ ತವರಿನ ಕಡೆಯ ನೆಂಟಸ್ತಿಕೆಯೂ ಸಿಕ್ಕಿ, ಅವಳು ಊಟ ಮುಗಿಸಿ ಲೈನಿಗೆ ಬರುವಾಗ ಎರಡೂವರೆ. ಮಾಡು ಚೆನ್ನಾಗಿ ಕಾದಿತ್ತು. ಪಕ್ಕದಲ್ಲಿ ದತ್ತಮೂರ್ತಿಗಳು, ಹಿಂದೆ ಕೃಷ್ಣಪ್ಪ.

ಹುಡುಗಿ ಕೆಟ್ಟವಳಲ್ಲ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಚಾಪೆಯ ಮೇಲೇ ಕುಳಿತಳು. ಮೊದಲು ಮೂಗು ಸಿಂಡರಿಸಿದಳು.

"ಎಂಥದೋ ವಾಸ್ನೆ ಅಲ್ವಾ?"

"ಹೊಸ ಪೇಂಟು. ನಿನ್ನೆ ಹೊಡ್ಸಿದ್ದು," ಅಂದರು ದತ್ತಮೂರ್ತಿಗಳು.

ಅವಳು ಟೇಪು ಹಿಡಿದು ಕೋಣೆ ಅಳೆದಳು. ಮೊಲಗಳ ಫೋಟೋ ತೆಗೆದಳು. ಟ್ಯಾಬ್ ನೋಡಿಕೊಂಡು ಒಂದೊಂದೇ ಕೇಳಿದಳು. ಕುಡಿಯುವ ನೀರು ಎಲ್ಲಿಂದ, ಬೆಂಕಿ ಎಲ್ಲಿ, ಮಗುವಿಗೆ ಜ್ವರ ಬಂದರೆ ಯಾರಿಗೆ ಹೇಳುತ್ತೀರಿ. ಪುಟ್ಟಕ್ಕ ಕಲಿಸಿದ್ದನ್ನು ಹೇಳಿದಳು. ಕಲಿಸದೆ ಇದ್ದದ್ದಕ್ಕೆ ತನಗೆ ತಿಳಿದದ್ದನ್ನು ಹೇಳಿದಳು. ಲೈನಿನ ನಡುವಿನಿಂದ ಸಣ್ಣಗೆ ಅಳು ಕೇಳಿಸುತ್ತಿತ್ತು.

"ಎಲ್ಲೋ ಮಗು ಅಳ್ತಾ ಇದೆಯಲ್ಲ?"

"ಬೆಕ್ಕು ಮೇಡಂ," ಅಂದ ಕೃಷ್ಣಪ್ಪ.

ಆರು ಮಕ್ಕಳೂ ಅಷ್ಟು ಹೊತ್ತಿಗೆ ಮಲಗಿದ್ದವು. ಶ್ರೀರಂಜನಿ ಅವುಗಳನ್ನು ನೋಡಿ ನಕ್ಕಳು.

"ಎಷ್ಟು ಶಾಂತವಾಗಿ ಮಲಗಿದಾವೆ ನೋಡಿ! ನನ್ನ ಮಗ ಮಧ್ಯಾಹ್ನ ಕಣ್ಣು ಮುಚ್ಚೋದೇ ಇಲ್ಲ. ಇದಕ್ಕೆ ಫುಲ್ ಮಾರ್ಕ್ಸು ಅಜ್ಜಿ."

ಅವಳ ಬೆರಳು ಟ್ಯಾಬಿನ ಮೇಲೆ ಟಕ್ಕೆಂದಿತು. ಪುಟ್ಟಕ್ಕ ಆ ಬೆರಳನ್ನು ನೋಡಿದಳು. ಆಮೇಲೆ ಚೇತನಾಳನ್ನು ನೋಡಿದಳು. ಅರೆ ತೆರೆದ ರೆಪ್ಪೆಯಲ್ಲಿ ಬಿಳಿಗುಡ್ಡೆ ಮಾತ್ರ ಕಾಣುತ್ತಿತ್ತು, ತುಟಿಯ ಕೊನೆಯಲ್ಲಿ ನೊಣ ಕುಳಿತಿತ್ತು.

"ಅದು ನಿದ್ದೆ ಅಲ್ಲ ಮೇಡಮ್ಮಾ," ಅಂದಳು.

"ಏನು?"

"ಎಬ್ಸಿ ನೋಡಿ. ನೀವೇ ಎಬ್ಸಿ."

"ಪುಟ್ಟೀ," ಅಂದರು ದತ್ತಮೂರ್ತಿಗಳು. ಗಟ್ಟಿಯಾಗಿ ಹೇಳಲಿಲ್ಲ.

ಶ್ರೀರಂಜನಿ ಮಗುವಿನ ಭುಜ ಅಲುಗಿಸಿದಳು. ತಲೆ ಆಚೆಗೆ ವಾಲಿತು. ಇನ್ನೊಮ್ಮೆ ಅಲುಗಿಸಿದರೆ ಈಚೆಗೆ ವಾಲಿತು. ಅವಳ ಮುಖದ ನಗೆ ಇಳಿಯಿತು. ಅಷ್ಟರಲ್ಲಿ ಪುಟ್ಟಕ್ಕ ಗೋಡೆ ಹಿಡಿದು ಎದ್ದಿದ್ದಳು. ಹಲಗೆಯ ಸಂದಿಗೆ ಬೆರಳು ತೂರಿಸಿ, ಮೆಣಸು, ಕಾಫಿ, ಮಣ್ಣು ಎಲ್ಲ ಕಿತ್ತ ಕೈಯಲ್ಲಿ ಒಮ್ಮೆ ಎಳೆದಳು. ಮೊಳೆಗಳು ಕಿರುಗುಟ್ಟಿ ಬಿಟ್ಟವು. ಮೂರು ಮೊಲಗಳೂ ಬಗ್ಗಿ ನೆಲಕ್ಕೆ ಬಿದ್ದವು. ಚಿಲಕವಿಲ್ಲದ ಬಾಗಿಲು ತಾನಾಗಿ ತೆರೆದುಕೊಂಡಿತು.

ವಾಸನೆ ಬಂದ ರಭಸಕ್ಕೆ ಶ್ರೀರಂಜನಿ ವೇಲು ಮೂಗಿಗೆ ಒತ್ತಿಕೊಂಡು ಹೊರಗೆ ಓಡಿದಳು. ಅಂಗಳದಲ್ಲಿ ನಿಂತು ಕೆಮ್ಮಿದಳು. ಕಣ್ಣಲ್ಲಿ ನೀರು.

ದತ್ತಮೂರ್ತಿಗಳು ಪುಟ್ಟಕ್ಕನ ಕಡೆಗೆ ಬೆರಳು ಮಾಡಿದರು.

"ಎಷ್ಟು ಸಲ ಹೇಳಿದೀನಿ ನಿಂಗೆ, ಆ ಬಾಗ್ಲು ತೆಗೀಬೇಡ ಅಂತ? ನೋಡಿ ಮೇಡಂ, ಇದೇ ಆಗೋದು. ಖಾಲಿ ಕ್ಯಾನು ಕದ್ದು ನೀರು ತುಂಬ್ಸೋಕೆ ಇಟ್ಕಂತಾಳೆ. ಚಿಲಕ ಮುರ್ದಿದ್ದೂ ಇವಳೇ. ಮಕ್ಕಳಿಗೆ ಹೆಚ್ಚುಕಮ್ಮಿ ಆಗ್ಬಾರ್ದು ಅಂತಲೇ ನಾನು ಹಲಗೆ ಹೊಡ್ಸಿದ್ದು."

"ಸುಳ್ಳು," ಅಂದಳು ಪುಟ್ಟಕ್ಕ. ಮಕ್ಕಳನ್ನು ಒಂದೊಂದಾಗಿ ಎತ್ತಿ ತಂದು ಹೊರಗೆ ಗಾಳಿಗೆ ಮಲಗಿಸುತ್ತಿದ್ದಳು.

ಶ್ರೀರಂಜನಿ ಕಣ್ಣೊರೆಸಿಕೊಂಡು ಟ್ಯಾಬ್ ಎತ್ತಿದಳು.

"ಅಜ್ಜಿ, ಅಲ್ಲಿ ಮದ್ದು ಇದೆ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಮಕ್ಕಳನ್ನ ಇದೇ ಕೋಣೇಲಿ ಇಟ್ಕೊಂಡ್ರಾ? ಎರಡು ವರ್ಷ?"

ಪುಟ್ಟಕ್ಕ ಚೇತನಾಳ ಮುಖಕ್ಕೆ ಸೆರಗಿನಿಂದ ಗಾಳಿ ಬೀಸುತ್ತಲೇ ಇದ್ದಳು, ಮಗು ಮುಲುಗಿ ಕಣ್ಣು ತೆರೆಯಿತು. ಹುಡುಗಿ ಟೈಪು ಮಾಡಿದಳು. ಸಂಜೆ ಹೊರಡುವಾಗ ಅವಳ ಕಾರಿನ ಡಿಕ್ಕಿಯಲ್ಲಿ ಎರಡು ಕೆಜಿ ಕಾಫಿಪುಡಿ, ಒಂದು ಗೊನೆ ಬಾಳೆಹಣ್ಣು ಇತ್ತು. ಬೇಡ ಬೇಡ ಎಂದೇ ತೆಗೆದುಕೊಂಡಳಂತೆ.

ಹತ್ತು ದಿನಕ್ಕೆ ವರದಿ ಬಂತು. ಬೆಳಿಗ್ಗೆ ಹಾಜರಿ ಕೂಗುವಾಗ ಕೃಷ್ಣಪ್ಪ ಮೊಬೈಲು ನೋಡಿ ಎಲ್ಲರಿಗೂ ಓದಿ ಹೇಳಿದ.

"ಕೇಳ್ರೋ. ಆಯಾಳ ನಿರ್ಲಕ್ಷ್ಯದಿಂದ ಮಕ್ಕಳಿಗೆ ಅಪಾಯ. ಓದು ಬರಹ, ತರಬೇತಿ ಇಲ್ಲದ ಆಯಾಳನ್ನು ಬದಲಿಸತಕ್ಕದ್ದು. ಆ ಕೋಣೆಯಲ್ಲಿ ಮಕ್ಕಳನ್ನು ಇಡತಕ್ಕದ್ದಲ್ಲ. ಸರಿಪಡಿಸಿಕೊಳ್ಳಲು ತೋಟದವರಿಗೆ ಮೂರು ತಿಂಗಳ ಅವಕಾಶ ಕೊಟ್ಟಿದೆ. ಬೀಜ ಕೊಳ್ಬಹುದು ಅಂತ ಸರ್ಟಿಫಿಕೇಟೂ ಕೊಟ್ಟಿದಾರೆ. ತಿಳೀತಾ?"

"ಅಲ್ಲಿ ತನಕ ಮಕ್ಕಳನ್ನ ಎಲ್ಲಿಡದು ರೈಟ್ರೇ?" ಮಲ್ಲಿಕಾ ಕೇಳಿದಳು.

"ನನ್ನ ಕೇಳ್ತಿಯಲ್ಲ, ಹೆತ್ತಿದ್ದು ನಾನಾ? ತೋಟದೊಳಗೆ ಒಂದು ಪಿಳ್ಳೆ ಕಂಡ್ರೂ ಅವತ್ತಿನ ಹಾಜ್ರಿ ಇಲ್ಲ. ಪುಟ್ಟಕ್ಕ, ನಿಂಗೆ ಭಾನುವಾರದ ತನಕ ಟೈಮು. ಕೋಣೆ ಖಾಲಿ ಮಾಡು. ಅದೂ ಮದ್ದಿಗೇ ಬೇಕಂತೆ ಇನ್ನು."

ಭಾನುವಾರ ಪುಟ್ಟಕ್ಕ ತನ್ನ ಟ್ರಂಕು, ಎರಡು ಪಾತ್ರೆ, ಒಂದು ಕಂಬಳಿಯನ್ನು ಲೈನಿನ ಹಿಂದಿನ ಸೌದೆ ಕೊಟ್ಟಿಗೆಗೆ ಸಾಗಿಸಿದಳು. ಯಾರೂ ಕೈಹಾಕಲಿಲ್ಲ. ನಲ್ಲಿಯ ಹತ್ತಿರ ಮಲ್ಲಿಕಾ ಕೊಡವನ್ನು ಕುಕ್ಕಿ ನಿಂತಳು.

"ನಿನ್ನ ಬಾಯಿಗೆ ಮಣ್ಣು ಬೀಳ. ಒಂದು ದಿನ, ಒಂದೇ ಒಂದು ದಿನ ಬಾಯಿ ಮುಚ್ಕಂಡಿರಕೆ ಆಗ್ಲಿಲ್ವಾ ನಿಂಗೆ?"

"ನಿನ್ನ ಮಗಳಿಗೋಸ್ಕರನೇ ಕಣೆ. ಅದ್ರ ಕಣ್ಣು ಹೆಂಗಾಗಿತ್ತು..."

"ಗೊತ್ತದೆ! ನಂಗೆ ಗೊತ್ತಿಲ್ವಾ? ಅರ್ಧ ಸತ್ತಾದ್ರೂ ನಿನ್ನ ಕಣ್ಣಮುಂದೆ ಬಿದ್ಕಂಡಿತ್ತು. ಈಗ ಎಲ್ಲಿಡ್ಲಿ? ಹೇಳು, ಎಲ್ಲಿಡ್ಲಿ? ಹೊಟ್ಟೆ ಒಳಗೆ ವಾಪಸ್ ಇಟ್ಕಳ್ಳಾ?"

ಕೊಡ ಅರ್ಧ ತುಂಬಿತ್ತು. ಅಷ್ಟನ್ನೇ ಎತ್ತಿಕೊಂಡು ಹೋದಳು.

ಸೋಮವಾರ ಎಂಟು ಗಂಟೆಗೆಲ್ಲ ಹೆಂಗಸರು ಗಂಡಸರು ಗುಡ್ಡ ಹತ್ತಿದರು. ಕೊಯ್ಲು ಜೋರಾಗಿದ್ದ ದಿನ. ಪುಟ್ಟಕ್ಕ ಸೌದೆಯ ಮೇಲೆ ಕುಳಿತೇ ಇದ್ದಳು. ಲೈನು ಖಾಲಿಯಾದ ಮೇಲೆ ಗದ್ದಲ ಇರಬಾರದು. ಆದರೆ ಒಂದೊಂದು ಕೋಣೆಯಿಂದ ಒಂದೊಂದು ಸದ್ದು ಬರುತ್ತಿತ್ತು. ಒಂದು ಕಡೆ ಪಾತ್ರೆ ಉರುಳಿತು. ಇನ್ನೊಂದು ಕಡೆ ಯಾರೋ ಬಾಗಿಲನ್ನು ಕೈಯಿಂದ ಬಡಿಯುತ್ತಲೇ ಇದ್ದರು. ಮಲ್ಲಿಕಾಳ ಕೋಣೆಯಿಂದ ಮಾತ್ರ ಏನೂ ಕೇಳಿಸಲಿಲ್ಲ.

ಪುಟ್ಟಕ್ಕ ಎದ್ದು ಹೋಗಿ ಆ ಬಾಗಿಲಿನ ಚಿಲಕ ತೆಗೆದಳು.

ಚೇತನಾಳ ಸೊಂಟಕ್ಕೆ ಹಳೆಯ ಸೀರೆಯ ಪಟ್ಟಿ ಕಟ್ಟಿ, ಇನ್ನೊಂದು ತುದಿಯನ್ನು ಮಂಚದ ಕಾಲಿಗೆ ಬಿಗಿದಿತ್ತು. ಎಟುಕುವಷ್ಟು ದೂರದಲ್ಲಿ ಒಂದು ಲೋಟ ನೀರು, ಒಂದು ತಟ್ಟೆ ಅನ್ನ ಇಟ್ಟು ಹೋಗಿದ್ದಳು ತಾಯಿ. ನೀರು ಚೆಲ್ಲಿತ್ತು. ಅನ್ನಕ್ಕೆ ಇರುವೆ ಮುತ್ತಿತ್ತು. ಮಗು ಮಂಚದ ಕಾಲನ್ನು ಸುತ್ತಿ ಸುತ್ತಿ ಪಟ್ಟಿ ಮೋಟಾಗಿ, ಕೊನೆಗೆ ಕಾಲಿಗೇ ಮುಖ ಒತ್ತಿಕೊಂಡು ನಿಂತಿತ್ತು. ಕೂರಲೂ ಆಗದೆ, ಅಳಲೂ ದನಿಯಿಲ್ಲದೆ.

ಗಂಟು ಬಿಚ್ಚಲು ಬರಲಿಲ್ಲ. ಪುಟ್ಟಕ್ಕ ಹಲ್ಲಿನಿಂದ ಕಚ್ಚಿ ಹರಿದಳು.

ಆಮೇಲೆ ಒಂದೊಂದೇ ಬಾಗಿಲು ತೆರೆದಳು. ಯಾವುದಕ್ಕೂ ಬೀಗವಿರಲಿಲ್ಲ, ಬರೀ ಚಿಲಕ. ಒಂದು ಕೋಣೆಯಲ್ಲಿ ಎರಡು, ಇನ್ನೊಂದರಲ್ಲಿ ಮೂರು. ಒಂದು ಮಗು ಒಲೆಯ ಬೂದಿಯಲ್ಲಿ ಕುಳಿತಿತ್ತು, ಬೂದಿ ತಣ್ಣಗಿತ್ತು, ಪುಣ್ಯ. ಹನ್ನೊಂದೂ ಹೊರಗೆ ಬಂದವು. ಅತಿ ಚಿಕ್ಕದನ್ನು ಬೆನ್ನಿಗೆ ಕಟ್ಟಿಕೊಂಡು, ಚೇತನಾಳನ್ನು ಕಂಕುಳಿಗೆ ಏರಿಸಿ, ನಡೆಯಬಲ್ಲವಕ್ಕೆ ತನ್ನ ಸೆರಗನ್ನು ಹಿಡಿಯಲು ಕೊಟ್ಟಳು. ಅಂಬೆಗಾಲಿನ ಮೂರನ್ನು ಇಪ್ಪತ್ತು ಹೆಜ್ಜೆ ಮುಂದೆ ಕೂರಿಸಿ ಬರುವುದು, ಮತ್ತೆ ಉಳಿದವನ್ನು ಕರೆದೊಯ್ಯುವುದು. ಲೈನಿನಿಂದ ದತ್ತಮೂರ್ತಿಗಳ ದೊಡ್ಡಮನೆಗೆ ಎರಡು ಫರ್ಲಾಂಗು. ಅಷ್ಟು ದಾರಿಗೆ ಒಂದೂವರೆ ಗಂಟೆ ಹಿಡಿಯಿತು. ಮಂಡಿ ಬೆಂಕಿಯಾಗಿತ್ತು.

ದೊಡ್ಡಮನೆಯ ಮುಂದಿನ ಜಗಲಿಗೆ ಕೆಂಪು ಸಿಮೆಂಟಿನ ನೆಲ. ಮುಖ ಕಾಣುವಂಥ ನುಣುಪು. ಲೈನಿನವರು ಏನಿದ್ದರೂ ಅಂಗಳದಲ್ಲಿ ನಿಂತು ಮಾತಾಡುವುದು, ಮಳೆ ಬಂದರೆ ಹಿಂದಿನ ಸೂರಿನಡಿ. ಪುಟ್ಟಕ್ಕ ನಾಲ್ಕು ಮೆಟ್ಟಿಲನ್ನು ಕುಂಡೆ ಊರಿಕೊಂಡೇ ಹತ್ತಿದಳು. ಒಂದೊಂದು ಮಗುವನ್ನೂ ಎಳೆದುಕೊಂಡು, ತಂಪು ನೆಲದ ಮೇಲೆ ಸಾಲಾಗಿ ಕೂರಿಸಿದಳು. ಮಕ್ಕಳು ನೆಲದಲ್ಲಿ ಕಂಡ ತಮ್ಮ ಮುಖವನ್ನು ಬಡಿದು ನಗತೊಡಗಿದವು.

ಸದ್ದಿಗೆ ಗಂಗಾಲಕ್ಷ್ಮಿ ಅಮ್ಮ ಹೊರಗೆ ಬಂದು ಬಾಗಿಲಲ್ಲೇ ಕಲ್ಲಾದರು.

"ಎಂಥದೇ ಇದು! ಇಳೀ! ಇಳಿಯೇ ಕೆಳಗೆ! ಏ, ಯಾರಿದೀರಿ ಇಲ್ಲಿ?"

ದತ್ತಮೂರ್ತಿಗಳು ಒಳಗಿನಿಂದ ಬಂದರು. ಕೈಯಲ್ಲಿ ಮೊಬೈಲು.

"ತಲೆ ಕೆಟ್ಟಿದೆಯಾ ಪುಟ್ಟಿ? ಕರ್ಕಂಡು ನಡಿ ಇವನ್ನೆಲ್ಲ."

"ಎಲ್ಲಿಗೆ ಅಯ್ಯಾ?"

"ಎಲ್ಲಿಗಾದ್ರೂ ಹೋಗು! ಹಡಬೆ ಮುಂಡೆ, ಉಪ್ಪು ತಿಂದ ಮನೆ ಮೇಲೇ ಬರ್ತೀಯಾ? ಪೊಲೀಸ್ರಿಗೆ ಹೇಳಿ ಒದ್ದು ಒಳಗೆ ಹಾಕ್ಸ್ತೀನಿ. ಮಕ್ಕಳನ್ನ ಕದ್ಕಂಡು ಬಂದಿದೀಯ ಅಂತ ಕೇಸ್ ಹಾಕ್ಸ್ತೀನಿ."

"ಹಾಕ್ಸಿ. ಅವರು ಬರೋ ತನಕ ಇಲ್ಲೇ ಇರ್ತವೆ."

ದತ್ತಮೂರ್ತಿಗಳು ಮೊಬೈಲು ಒತ್ತುತ್ತ ಅಂಗಳದ ಕೊನೆಗೆ, ಸಿಗ್ನಲ್ ಸಿಗುವ ಕಡೆಗೆ ಹೋದರು. ಗುಡ್ಡದ ಮೇಲೆ ಯಾರೋ ನೋಡಿ ಕೂಗಿರಬೇಕು. ಗಿಡಗಳ ನಡುವಿನಿಂದ ಹೆಂಗಸರು ಇಳಿದು ಬರತೊಡಗಿದರು. ಕೃಷ್ಣಪ್ಪ ಹಿಂದಿನಿಂದ ಬೊಬ್ಬೆ ಹೊಡೆಯುತ್ತಿದ್ದ. "ಇಳ್ದೋರಿಗೆ ಹಾಜ್ರಿ ಇಲ್ಲ! ಯಾವಳಿಗೂ ಇಲ್ಲ! ತಿರುಗ್ರೇ ಬೋಳಿಯರಾ!" ಕೆಲವರು ಅರ್ಧದಲ್ಲೇ ನಿಂತರು. ಇಬ್ಬರು ತಿರುಗಿ ಹೋದರು. ಆರೇಳು ಜನ ಅಂಗಳದ ಅಂಚಿಗೆ ಬಂದು, ಅಲ್ಲಿಂದ ಮುಂದಕ್ಕೆ ಕಾಲಿಡಲಾರದೆ ನಿಂತರು.

ಮಲ್ಲಿಕಾ ಮಾತ್ರ ಮೆಟ್ಟಿಲಿನ ಬುಡದವರೆಗೆ ಬಂದಳು. ಸೊಂಟಕ್ಕೆ ಕಟ್ಟಿದ ಹಣ್ಣಿನ ಚೀಲ ಹಾಗೇ ಇತ್ತು. ಮಗಳ ಸೊಂಟದಲ್ಲಿ ಪಟ್ಟಿ ಒತ್ತಿದ ಕೆಂಪು ಬರೆಯನ್ನು ನೋಡಿದಳು. ಪುಟ್ಟಕ್ಕನ ಮುಖವನ್ನು ನೋಡಲಿಲ್ಲ.

"ಮಲ್ಲಿಕಾ, ನೀನಾದ್ರೂ ಹೇಳೇ ಈ ಮುದುಕಿಗೆ," ಅಂದರು ಗಂಗಾಲಕ್ಷ್ಮಿ ಅಮ್ಮ. "ನಿನ್ನ ಮಗಿನ ಎತ್ಕಂಡು ನಡಿ. ನೀನು ಒಳ್ಳೆಯವಳು."

ಆಗಲೇ ಸಾಲಿನ ನಡುವಿನ ಒಂದು ಮಗು, ಬೂದಿಯಲ್ಲಿ ಸಿಕ್ಕಿದ್ದು, ಕುಳಿತಲ್ಲೇ ಉಚ್ಚೆ ಹೊಯ್ದಿತು. ನುಣುಪು ನೆಲದಲ್ಲಿ ಅದು ನಿಲ್ಲಲಿಲ್ಲ. ಒಂದು ಗೆರೆಯಾಗಿ ಹರಿದು ಬಾಗಿಲಿನ ಕಡೆಗೆ, ಹೊಸ್ತಿಲ ಮುಂದೆ ಬೆಳಿಗ್ಗೆ ಬಿಡಿಸಿದ ರಂಗೋಲಿಯ ಕಡೆಗೆ ಹೋಯಿತು.

"ಒರ್ಸೇ! ಒರ್ಸೇ ಮುಂಡೆ, ಬೇಗ!"

ಪುಟ್ಟಕ್ಕನ ಕೈ ತಾನಾಗಿ ಸೆರಗಿಗೆ ಹೋಯಿತು. ಸೆರಗಿನ ತುದಿ ಹಿಡಿದು, ಬಗ್ಗಿ, ಅಲ್ಲೇ ನಿಂತಿತು. ಆಮೇಲೆ ಅವಳು ಸೆರಗನ್ನು ಬಿಟ್ಟು, ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

ಮಲ್ಲಿಕಾ ಸೊಂಟದ ಚೀಲ ಬಿಚ್ಚಿ ಮೆಟ್ಟಿಲ ಮೇಲೆ ಇಟ್ಟಳು. ನಾಲ್ಕು ಹಣ್ಣು ಉರುಳಿ ಕೆಳಗೆ ಹೋದವು. ಅವಳು ಮೇಲಿನ ಮೆಟ್ಟಿಲಿನಲ್ಲಿ, ಮನೆಗೆ ಬೆನ್ನು ಹಾಕಿ ಕುಳಿತಳು. ಅಂಗಳದ ಕೊನೆಯಲ್ಲಿ ದತ್ತಮೂರ್ತಿಗಳು ಒಂದು ಕಿವಿ ಮುಚ್ಚಿಕೊಂಡು ಫೋನಿನಲ್ಲಿ ಕಿರುಚುತ್ತಿದ್ದರು. ಗೆರೆ ರಂಗೋಲಿಯನ್ನು ಮುಟ್ಟಿ, ಬಿಳಿ ಪುಡಿಯನ್ನು ಕದಡಿಕೊಂಡು, ಹೊಸ್ತಿಲ ಬುಡದಲ್ಲಿ ಮಡುಗಟ್ಟತೊಡಗಿತು. ಯಾರೂ ಏಳಲಿಲ್ಲ.